ಹೊಳಪು ಮುಚ್ಚುವ ಕೆಲಸ

ಕುವೈತಿನ ಶುವೈಖ್ ಗ್ಯಾರೇಜು ಸಾಲಿನಲ್ಲಿ
ಜೂನ್ ತಿಂಗಳ ಬೆಳಗಿನ ಏಳೂ ಮಧ್ಯಾಹ್ನವೇ.
ಶಟರ್ ಎತ್ತಿದರೆ ಒಳಗೆ ನಿಂತಿದೆ
ನಿನ್ನೆ ಷೋರೂಮಿನಿಂದ ಇಳಿದ ಕಾರು,
ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ.
ಜಾಬ್ ಕಾರ್ಡಿನಲ್ಲಿ ಫವ್ವಾಜ್ ಬರೆಸಿದ್ದು ಒಂದೇ ಸಾಲು:
ಹೊಳೆಯುವುದೆಲ್ಲ ಕಪ್ಪಾಗಬೇಕು.

ಕಿಟಕಿಯಂಚಿನ ಬೆಳ್ಳಿಗೆರೆ, ಮೂತಿಯ ಜಾಲರಿ,
ಡಿಕ್ಕಿಯ ಮೇಲಿನ ಹೆಸರು, ಅಷ್ಟೇಕೆ,
ಯಾವುದಕ್ಕೆಂದು ಅಷ್ಟು ದುಡ್ಡು ಸುರಿದನೋ ಆ ಲಾಂಛನವೂ.
ಹೆಸರಿಗೆ ಒಂದು ದುಡ್ಡು,
ಹೆಸರು ಮುಚ್ಚಲು ಇನ್ನೊಂದು.

ನಮ್ಮಪ್ಪ ಶಿರಾದ ಓಣಿಗಳಲ್ಲಿ ಕಲಾಯಿ ಹಾಕುತ್ತಿದ್ದ.
ತಿದಿ, ಇದ್ದಿಲು, ನವಸಾಗರದ ಬಿಳಿ ಹೊಗೆ,
ಕಾದ ಹಂಡೆಯೊಳಗೆ ಹತ್ತಿಯುಂಡೆ ಒಂದು ಸುತ್ತು ಸುತ್ತಿದರೆ
ಕಿಲುಬಿದ್ದಲ್ಲಿ ನನ್ನ ಮುಖ,
ಮೂಗು ಮಾತ್ರ ದಪ್ಪ.
ಪಾತ್ರೆಗೆ ಎಂಟಾಣೆ. ಚೌಕಾಸಿ ಮಾಡಿದರೆ ಆರಾಣೆ.
ಅವನ ಮಗ ನಾನು, ದಸ್ತಗೀರ,
ಇದ್ದ ಹೊಳಪು ಮುಚ್ಚಿ ತೊಂಬತ್ತು ದಿನಾರಿಗೆ ಬಿಲ್ಲು.
ಬಿಲ್ಲು ಮಾಲೀಕನದು, ಬೆರಳು ನನ್ನದು.

ಹತ್ತು ಗಂಟೆಯ ಸುಲೈಮಾನಿ ಚಹಾಕ್ಕೆ
ಎಲ್ಲರಿಗೂ ಒಂದೊಂದು ಅಭಿಪ್ರಾಯ.
ಪೇಂಟರ್ ಶಾಬಾನ್ ಹೇಳುತ್ತಾನೆ:
ಮೊದಲು ಕಾರಿಗೆ ಮುಖವಿತ್ತು, ಈಗ ಬರೀ ಬಾಯಿ.
ಕನ್ನಡಿಯಲ್ಲಿ ಹಿಂದೆ ಕಂಡರೆ
ಕೊಟ್ಟ ಸಾಲ ಕೇಳಲು ಬಂದವರ ಹಾಗೆ,
ನಾನೇ ಪಕ್ಕಕ್ಕೆ ಸರಿದುಬಿಡುತ್ತೇನೆ.
ರೋಡೆಲ್‌ಗೆ ದೀಪಗಳ ಮೇಲೆ ಸಿಟ್ಟು:
ಗುಂಡಗೆ ಕಣ್ಣರಳಿಸಿಕೊಂಡಿದ್ದವು,
ಈಗ ಬ್ಲೇಡಿನಲ್ಲಿ ಗೀರಿದ ಹಾಗೆ.
ಎಲೆಕ್ಟ್ರಿಷಿಯನ್ ಶಶೀಂದ್ರನ್: ಒಂದು ಗುಂಡಿಯಿಲ್ಲ ಮಾರಾಯ,
ಒಂದೇ ಗಾಜಿನ ಹಲಗೆ,
ಏಸಿ ಬೇಕಾದರೆ ಮೂರು ಪುಟ ತಿರುವಬೇಕು.
ಆದರೂ ಒಳ್ಳೆಯದೇ, ಒರೆಸಲು ಸುಲಭ.
ನನ್ನನ್ನೂ ಕೇಳಿದರು.
ಖರ್ಜೂರದ ಬೀಜ ಉಗಿದು ಎದ್ದೆ.

ಲುಹರ್ ನಮಾಜು ಮುಗಿಸಿ ಬೂ ಫವ್ವಾಜ್ ಬಂದ,
ಮಗನ ಕಾರು ನೋಡಲು.
ಬಾಗಿಲ ಮುಂದೆ ನಿಂತ. ನಿಂತೇ ಇದ್ದ.
ಹಿಡಿಕೆ ಎಲ್ಲಿ?
ಹಿಡಿಕೆ ಬಾಗಿಲೊಳಗೆ ಅಡಗಿದೆ, ಬಾಬಾ.
ಕೀಲಿ ಇದ್ದವರು ಹತ್ತಿರ ಬಂದರೆ
ತಾನೇ ಹೊರಗೆ ಬರುತ್ತದೆ.
ಕೀಲಿ ನನ್ನ ಜೇಬಿನಲ್ಲಿತ್ತು.
ಹೋದೆ. ಹಿಡಿಕೆ ಹೊರಬಂತು,
ಯಜಮಾನನನ್ನು ಬಿಟ್ಟು ನನ್ನನ್ನು ಗುರುತಿಸಿ.
ಕೈ ಹಿಡಿಯುವವನು ಅಂತ ನನ್ನ ಹೆಸರಿನ ಅರ್ಥ;
ಮುದುಕನ ಮೊಣಕೈ ಹಿಡಿದು ಕೂರಿಸಿದೆ.

ಮುರುಕು ಹಿಂದಿಯಲ್ಲಿ ಹೇಳಿದ:
ನನ್ನ ಮೊದಲ ಕಾರಿಗೆ ಇಷ್ಟು ದೊಡ್ಡ ಬಂಪರ್, ಬೆಳ್ಳಿ.
ದಿವಾನಿಯಾದೊಳಗೆ ಹೋಗುವ ಮುಂಚೆ
ಅಣ್ಣತಮ್ಮಂದಿರು ಐವರೂ ಸಾಲಾಗಿ ಬಗ್ಗಿ
ಅದರಲ್ಲಿ ನೋಡಿಕೊಂಡು ತಲೆವಸ್ತ್ರ ಸರಿಮಾಡುತ್ತಿದ್ದೆವು.
ಅದರಲ್ಲಿ ಎಲ್ಲರೂ ದಪ್ಪ.
ನಕ್ಕ. ಸುಮ್ಮನಾದ.
ಆ ಕಾರು ಮನೆಗೆ ತಂದ ದಿನ ನನ್ನಪ್ಪ ಅಂದಿದ್ದ,
ಇಷ್ಟು ಹೊಳಪು ಮದುವಣಗಿತ್ತಿಗೆ ಸರಿ,
ಗಾಡಿಗಲ್ಲ.

ಇಳಿದು ಹೊರಟವನು
ನಾನು ಆಗಷ್ಟೇ ಮುಗಿಸಿದ ಕಪ್ಪು ಪಟ್ಟಿಯ ಮುಂದೆ ಬಗ್ಗಿದ,
ಕೈ ತಲೆವಸ್ತ್ರಕ್ಕೆ ಹೋಗಿತ್ತು.
ಏನು ಕಂಡಿತೋ. ಒಂದು ಬಿಳಿ ಮಬ್ಬು ಇರಬೇಕು.

ಸಂಜೆ. ಹೀಟ್ ಗನ್ನಿನ ಉಸಿರು, ಅಂಚಿಗೆ ಚಾಕು.
ಬೆಳ್ಳಿಯ ಮೇಲೆ ಕಪ್ಪು ಎಳೆಯುವಾಗ ಒಂದು ಗುಳ್ಳೆ ಉಳಿಯಕೂಡದು.
ಉಳಿಯಲಿಲ್ಲ.
ಚೆನ್ನಾಗಿಯೇ ಕಾಣುತ್ತದೆ, ಸುಳ್ಳೇಕೆ ಹೇಳಲಿ,
ರಾತ್ರಿಯಲ್ಲಿ ನಿಂತ ಕುದುರೆಯ ಹಾಗೆ.
ಐದು ವರ್ಷಕ್ಕೆ ಇದೂ ಸಾಕಾಗಿ ಯಾರೋ ಸುಲಿಯುತ್ತಾರೆ,
ಕೆಳಗೆ ಎಲ್ಲ ಇದ್ದ ಹಾಗೇ ಇರುತ್ತದೆ.
ಅಪ್ಪನ ಕಲಾಯಿಯನ್ನು ಎಂಟು ತಿಂಗಳಲ್ಲಿ
ಹುಣಸೆಹುಳಿ ತಿಂದುಹಾಕುತ್ತಿತ್ತು.

ಬಾಗಿಲೊಳಗೆ, ಹೊಸ್ತಿಲಲ್ಲಿ,
ಅಂಗೈಯುದ್ದದ ಒಂದು ಬೆಳ್ಳಿಪಟ್ಟಿ.
ಹೊಳೆಯುವುದೆಲ್ಲ ಅಂದರೆ ಇದೂ ಸೇರಿತೇ?
ಕಾರ್ಡನ್ನು ಇನ್ನೊಮ್ಮೆ ಓದಲಿಲ್ಲ.
ಬಗ್ಗಿ ಬಟ್ಟೆಯಲ್ಲಿ ಒಂದು ಸುತ್ತು ಸುತ್ತಿದೆ.
ಮೂಗು ಇಲ್ಲಿ ಉದ್ದ.