ಗೆರೆಯ ಮೇಲಿನ ಚುಕ್ಕೆ

ನಾಪೋಕ್ಲಿನ ಅಂಗನವಾಡಿಯಲ್ಲಿ ಹದಿನೇಳು ವರ್ಷ
ಮಕ್ಕಳನ್ನು ತೂಗಿ ಕಾರ್ಡಿನಲ್ಲಿ ಚುಕ್ಕೆ ಇಟ್ಟವಳು ನಾನು.
ಕೆಳಗಿಳಿದ ಚುಕ್ಕೆಗೆ ಹೆದರಬೇಕೆಂದು ಕಲಿಸಿದ್ದರು:
ಹಳದಿಗೆ ಒಂದು ಮೊಟ್ಟೆ ಹೆಚ್ಚು,
ಕೆಂಪಿಗೆ ಮಡಿಕೇರಿಯ ಚೀಟಿ.
ಮೇಲೇರಿದ ಚುಕ್ಕೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಮೂರೂವರೆಯ ಮಿನ್ಹಾ ಆರೇ ತಿಂಗಳಲ್ಲಿ
ಹಸಿರನ್ನೂ ದಾಟಿ ಬಿಳಿ ಕಾಗದಕ್ಕೆ ಹೋದಾಗ
ಮೇಲ್ವಿಚಾರಕಿ ಫೋಟೋ ತೆಗೆದರು.
ಪಕ್ಕದಲ್ಲಿ ನಾನೂ ನಿಂತಿದ್ದೆ, ನಗುತ್ತ.

ಆಮೇಲೆ ಅವಳ ದನಿ ಒಡೆಯಿತು.
ಪದ್ಯ ಹೇಳಿಸಿದರೆ ಉಳಿದ ಮಕ್ಕಳು
ಯಾರೋ ಮಾಮ ಬಂದರೆಂದು ಬಾಗಿಲು ನೋಡಿದವು.
ಕೆನ್ನೆ ಊದಿತು, ಹಣೆಯಲ್ಲಿ ಮೊಡವೆ.
"ಉಷ್ಣ ಟೀಚರೇ" ಎಂದಳು ಜಮೀಲಾ.
ಹೊರಗೆ ಜನವರಿಯ ಚಳಿ ಹಂಚಿನ ಮೇಲೆ ಕೂತಿತ್ತು.

ಒಂದು ದಿನ, ಎಲ್ಲರೂ ಹೋದ ಮೇಲೆ,
ಚಾಪೆ ಸುತ್ತುತ್ತಿದ್ದವಳ ಕಿವಿಗೆ ಬಾಗಿ ಹೇಳಿದಳು:
ಕೂದಲು ಬಂದಿದೆ, ಬರಬಾರದ ವಯಸ್ಸಿನಲ್ಲಿ.
ಅತ್ತೆಗೆ ಕಾಣದ ಹಾಗೆ ತಾನೇ ಮೀಯಿಸುತ್ತಿದ್ದಾಳೆ.
ಎಡ ಪಕ್ಕೆಯ ಕೆಳಗೆ ಏನೋ ಗಟ್ಟಿ;
ಮೊದಲು ಸಿಕ್ಕಿದ್ದು ಅಪ್ಪನ ಕೈಗೆ.
ಮೀನು ಮಾರುವ ಕೈ, ಹೊರಗಿನಿಂದ ಒತ್ತಿಯೇ
ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಹೇಳುವ ಕೈ.
ಆ ರಾತ್ರಿ ಅವನು ಉಣ್ಣಲಿಲ್ಲವಂತೆ.

ಮಡಿಕೇರಿಯಲ್ಲಿ ಡಾಕ್ಟರ್ ಬೋಜಮ್ಮ
"ಬೇಗ ದೊಡ್ಡವಳಾಗುತ್ತಿದ್ದಾಳೆ, ಅಷ್ಟೆ" ಎನ್ನಲಿಲ್ಲ.
ಪುಟ್ಟ ತೋಳಿಗಾಗುವ ಬಿ.ಪಿ. ಪಟ್ಟಿಗೆ
ಮೂರು ಕಪಾಟು ಹುಡುಕಿಸಿದರು.
ಅಂಕಿ ನೋಡಿ, ಬಿಚ್ಚಿ, ಮತ್ತೊಮ್ಮೆ ಕಟ್ಟಿದರು.
ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ
ಕೂಡಿಡಿ, ತಂಪಾಗಿರಲಿ ಎಂದರು.
ಬಂಗುಡೆಯ ಪೆಟ್ಟಿಗೆ ತೊಳೆದು, ಹೊಸ ಐಸು ತುಂಬಿ,
ತೊಡೆಯ ಮೇಲಿಟ್ಟುಕೊಂಡು
ಬಸ್ಸಿನಲ್ಲಿ ತಂದ ಅಪ್ಪ.

ಸ್ಕ್ಯಾನಿನಲ್ಲಿ ಕಂಡಿತು:
ಮೂತ್ರಪಿಂಡದ ನೆತ್ತಿಗೆ ಟೋಪಿಯಂತಿರಬೇಕಾದ ಗ್ರಂಥಿ
ಕಿತ್ತಳೆಯಷ್ಟಾಗಿದೆ.
(ನಮ್ಮಲ್ಲಿ ಎಲ್ಲದಕ್ಕೂ ಕಿತ್ತಳೆಯೇ ಅಳತೆ.
ಆ ವರ್ಷ ನಾನು ಕಿತ್ತಳೆ ಸುಲಿಯಲಿಲ್ಲ.)

"ಹತ್ತು ಲಕ್ಷಕ್ಕೊಂದು ಮಗುವಿಗೂ ಬರುವುದಿಲ್ಲ ಇದು.
ನಿಮ್ಮ ಮನೆಯಲ್ಲಿ ಯಾರಾದರೂ, ಚಿಕ್ಕ ವಯಸ್ಸಿಗೆ...?"
ಮೈಸೂರಿನವರು ಕೇಳಿದಾಗ
ಅದೇ ಅತ್ತೆ ಬೆರಳು ಮಡಚಿದಳು.
ಮಗಳು, ಇಪ್ಪತ್ತೆಂಟಕ್ಕೆ, ಎದೆಯ ಗಂಟು.
ತಮ್ಮ, ಶಾಲೆಗೆ ಹೋಗುವಾಗಲೇ, ತಲೆಯೊಳಗೆ.
ಮೂರನೆಯ ಬೆರಳನ್ನು ಮಡಚದೆ
ಹಾಗೇ ಹಿಡಿದುಕೊಂಡು ಮಗನನ್ನು ನೋಡಿದಳು.

ಆಪರೇಷನ್ ಆಗಿ ಎರಡು ತಿಂಗಳು.
ರಕ್ತದ ವರದಿಗಳು ಇನ್ನೂ ಒಂದೊಂದಾಗಿ ಬರುತ್ತಿವೆ.
ಹಳೆಯ ಕಾರ್ಡುಗಳನ್ನೆಲ್ಲ ಅಟ್ಟದಿಂದಿಳಿಸಿ
ಮೇಲಿನ ಅಂಚಿನಿಂದ ಓದುತ್ತಿದ್ದೇನೆ.

ಇವತ್ತು ಹಾಜರಿ ಕೂಗಿದೆ.
"ಬಂದೆ ಟೀಚರ್." ಅದೇ ದಪ್ಪ ದನಿ.
ಯಾರೂ ಬಾಗಿಲ ಕಡೆ ನೋಡಲಿಲ್ಲ.