ಆಳು ಒಂದು

ರಾತ್ರಿ ಹತ್ತೂವರೆಗೆ ಬಂತು ಮೂರನೆಯ ಪತ್ರ.
ಪ್ರೊಫೆಸರ್ ವೆಂಕೋಬರಾಯರದು, ಅವರ ಸಹಿಯ ಕೆಳಗೆ
ಇನ್ನೂ ಆರು ಮಂದಿ ಇತಿಹಾಸಕಾರರು.
ಕರಡು ತಿದ್ದುವವ ನಾನು. ಒತ್ತು, ದೀರ್ಘ,
ಬಿಟ್ಟುಹೋದ ಅರ್ಕಾವತ್ತು, ಇಷ್ಟೇ ನನ್ನ ಪಾಲು.

ಆದರೂ ಓದಿದೆ.
ಸುಗುಣ ಬರೆದ ವರದಿಯಲ್ಲಿ ಇಸವಿ ತಪ್ಪಂತೆ, ಮೂವತ್ತು ವರ್ಷ.
ಕೆರೆಯ ಏರಿಗೆ ಮಣ್ಣು ಹೊತ್ತವರು ಜೀತದವರಲ್ಲವಂತೆ,
ಆಳುಗಳಂತೆ.
ಗುಲಾಮ ಅನ್ನುವುದು ಕಡಲಾಚೆಯ ಮಾತಂತೆ,
ನಮ್ಮಲ್ಲಿ ಇದ್ದದ್ದು ಊಳಿಗ, ಋಣ,
ಹಬ್ಬಕ್ಕೊಂದು ಕಂಬಳಿಯೂ ಇತ್ತಂತೆ.

ಇಸವಿ ತಪ್ಪು, ಹೌದು. ನಾನೇ ಲೆಕ್ಕ ಹಾಕಿ ನೋಡಿದೆ.
ಸುಗುಣ ಒಪ್ಪಿದಳು, ಉಗುರು ಕಚ್ಚುತ್ತ.

ಭಾನುವಾರ ಬಸವನಗುಡಿಯ ಸಭಾಂಗಣದಲ್ಲಿ ಕೂರಲು ಜಾಗವಿಲ್ಲ.
ಗೋಡೆಯ ಮೇಲೆ ಆ ಕ್ರಯಪತ್ರ, ಬೆಳಕಲ್ಲಿ ಹಿಗ್ಗಿ:
"ಕಂದು ಎತ್ತು ಒಂದು, ಹೆಸರು ಸಿಂಗ.
ಬಿಳಿ ಎತ್ತು ಒಂದು, ಹೆಸರು ಭೈರ.
ಆಳು ಒಂದು."

ಒಬ್ಬ ಅಂತಿಲ್ಲ ಸಾರ್, ಒಂದು ಅಂತಿದೆ, ಎಂದಳು ಸುಗುಣ.
ಅದು ರೂಢಿಯಮ್ಮ, ಎಂದರು ರಾಯರು,
ಒಂದಾಳು, ಎರಡಾಳು ಅನ್ನುವುದಿಲ್ಲವೇ ಇವತ್ತಿಗೂ?
ಜೊತೆಗೊಂದು ಗಾದೆ: ಆಳಾಗಬಲ್ಲವನು ಅರಸಾಗಬಲ್ಲ.
ಚಪ್ಪಾಳೆ.
ಹಿಂದಿನ ಸಾಲಿಂದ ಬಿದರಿ ಡಾಕ್ಟರು ಎದ್ದರು,
ಎಷ್ಟು ಆಳು ಅರಸರಾದರು ಸ್ವಾಮಿ, ಇಸವಿ ಸಮೇತ ಹೇಳಿ.
ಅಲ್ಲಿಗೆ ಕಾಫಿ ವಿರಾಮ. ಉಪ್ಪಿಟ್ಟು ತಣ್ಣಗಿತ್ತು.

ರೂಢಿ ಅನ್ನುವುದೂ ನಿಜ.
ಪಾಳಿ ಮುಗಿಸಿ ಮನೆಗೆ ಹೋಗುವಾಗ, ಬೆಳಿಗ್ಗೆ ಆರಕ್ಕೆ,
ಯಶವಂತಪುರದ ಸರ್ಕಲ್ಲಿನಲ್ಲಿ
ಗುದ್ದಲಿ ಬಾಂಡ್ಲಿ ಹಿಡಿದು ನಿಂತವರ ಮುಂದೆ
ಟೆಂಪೋ ನಿಲ್ಲಿಸಿ ಮೇಸ್ತ್ರಿ ಕೂಗುತ್ತಾನೆ:
ಆರು ಆಳು! ಎರಡು ಹೆಣ್ಣಾಳು!
ಹತ್ತುತ್ತಾರೆ. ಯಾರೂ ವ್ಯಾಕರಣ ಕೇಳುವುದಿಲ್ಲ.

ನಮ್ಮಜ್ಜಿ ಪಿಳ್ಳಮ್ಮನೂ ನೀರನ್ನು ಹಾಗೇ ಅಳೆಯುತ್ತಿದ್ದಳು:
ಮೂರಾಳು ಆಳ ಕಣೋ ಆ ಕೆರೆ, ಇಳೀಬೇಡ.
ಅಲ್ಲೀಗ ಬಸ್ ಡಿಪೋ.
ಅವಳಪ್ಪ ಯಾವ ಸಾಲಕ್ಕೆ ಯಾರ ಹಟ್ಟಿಯಲ್ಲಿದ್ದ ಅಂತ ಕೇಳಿದರೆ
ಎಲೆಯಡಿಕೆ ಉಗಿದು ಸುಮ್ಮನಾಗುತ್ತಿದ್ದಳು.
ಅದಕ್ಕೆ ಅಡಿಟಿಪ್ಪಣಿಯಿಲ್ಲ.
ಸಭೆಯಲ್ಲಿ ನಾನು ಹೇಳಲೂ ಇಲ್ಲ.

ಈಗ ಆರನೇ ಪುಟದ ಮೂಲೆಯಲ್ಲಿ ಎರಡಿಂಚು ಜಾಗ.
ತಿದ್ದುಪಡಿ: ಇಸವಿ ಹಾಗಲ್ಲ, ಹೀಗೆ. ವಿಷಾದಿಸುತ್ತೇವೆ.
ಸರಿಯಿದೆ.
ಪಕ್ಕದ ಅಂಕಣದಲ್ಲಿ ಕ್ರಯಪತ್ರದ ಸಾಲು, ಆಳು ಒಂದು.
ಅಭ್ಯಾಸಬಲ, ಕೆಂಪು ಪೆನ್ನು ಒಂದು ಹೊಡೆದು
ಮೇಲೆ ಒಬ್ಬ ಅಂತ ಬರೆದೇಬಿಟ್ಟಿತು.

ಉಲ್ಲೇಖದೊಳಗೆ ಕೈಯಾಡಿಸಬಾರದು. ಗೊತ್ತು.
ಇಪ್ಪತ್ತೆರಡು ವರ್ಷದ ಕೆಲಸ ಇದು.
ಹೊಡೆದ ಪದದ ಕೆಳಗೆ ಚುಕ್ಕಿ ಚುಕ್ಕಿ ಇಟ್ಟೆ,
ಅಂದರೆ, ಇದ್ದ ಹಾಗೆಯೇ ಇರಲಿ.
ಕೆಳಗೆ ಪ್ರೆಸ್ಸಿನವರು ಕಾಯುತ್ತಿದ್ದರು.