ಕಳೆಯುವ ಲೆಕ್ಕ

ದಾರ್ಫುರ್ ದಾಟಿ ಬಂದವರ ಡೇರೆ, ಅದ್ರೇ ಗಡಿಯಲ್ಲಿ.
ಹಲಗೆಯೆಂದರೆ ಸತ್ತ ಟಾರ್ಚ್ ಸೆಲ್ಲುಗಳ ಮಸಿ ಬಳಿದ ರಟ್ಟು.
ಸೀಮೆಸುಣ್ಣ ಒಂದು, ಮುರಿದರೆ ಆರು.
ಐದು ತಿಂಗಳಿಂದ ಸಂಬಳ ಕಾಣದ ಕಲ್ತೂಮ ಬರೆದಳು:
ಹನ್ನೊಂದು ಮೇಕೆ. ನಾಲ್ಕು ಹೋದವು. ಉಳಿದವೆಷ್ಟು?

ಯಾರೂ ಬೆರಳು ಮಡಿಸಲಿಲ್ಲ.
ಹಿಂದಿನಿಂದ ಅದೂಮ ಕೇಳಿದ:
‘ಹೋದವೋ, ಒಯ್ದರೋ?’

ಗಾಳಿಗೆ ಟಾರ್ಪಾಲು ಪಟಪಟ ಅಂದಿತು.
ಅರ್ಧ ತರಗತಿ ನೆಲಕ್ಕೆ ಬೋರಲು ಬಿತ್ತು.
ಆಮೇಲೆ ಮೊಣಕೈ ಮರಳು ಕೊಡವಿಕೊಂಡು
ನಾಚಿ, ಒಬ್ಬರನ್ನೊಬ್ಬರು ನೋಡದೆ ಕೂತರು.

ಅವಳು ಹಲಗೆ ಒರೆಸಲಿಲ್ಲ.
‘ಹೋದವು’ ಎಂಬುದಕ್ಕೆ ಗೀಟೆಳೆದು
‘ಒಯ್ದರು’ ಎಂದು ತಿದ್ದಿದಳು.

‘ಏಳು’ ಅಂದ ಅದೂಮ, ಕೂತಲ್ಲಿಂದಲೇ.

‘ಏಳು’ ಅಂದಳು ಕಲ್ತೂಮ,
ಸುಣ್ಣದ ಚೂರು ಅವನತ್ತ ಚಾಚಿ,
‘ಎದ್ದು ಬಂದು
ನೀನೇ ಬರೆ.’